ಹೊಸಿಲಲ್ಲಿ ಕೇಳಬಾರದ ಪ್ರಶ್ನೆ

ನನ್ನ ಸೊಸೆ ಇಂಗ್ಲಿಷ್ ಟೆಸ್ಟಿನಲ್ಲಿ ಪಾಸಾದಳು. ತುಮಕೂರು ಪಕ್ಕದ ಸತ್ಯಮಂಗಲದ ಕಾರ್ಖಾನೆಯಲ್ಲಿ ಅವಳಿಗೆ ಆಫೀಸಿನ ಕುರ್ಚಿ ಸಿಕ್ಕಿತು. ಸೋಮವಾರದಿಂದ ಬೆಳಗಿನ ಕೆಲಸ, ದೀಪ ಹಚ್ಚುವ ಹೊತ್ತಿಗೆ ಮನೆ. ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಇದನ್ನು ಹೇಳಿದೆ. ಕೇಳದೆ ಹೋಗುತ್ತಿದ್ದವರನ್ನೂ ನಿಲ್ಲಿಸಿ ಹೇಳಿದೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ಈಗ ಬರೆಯಲೂ ಕೂತಿದ್ದೇನೆ. ಆ ಇಂಗ್ಲಿಷ್ ನಮ್ಮ ಮನೆಯಲ್ಲಿ ಎಬ್ಬಿಸಿದ ರಗಳೆಯನ್ನು ಹೇಳಿಕೊಳ್ಳದಿದ್ದರೆ ನನ್ನ ಸಂತೋಷ ಪೂರ್ತಿಯಾಗುವುದಿಲ್ಲ.

ನಮ್ಮದು ಹೆಬ್ಬೂರು. ಮಗ ಟೆಂಪೊದಲ್ಲಿ ತೆಂಗಿನಕಾಯಿ ತುಂಬಿಕೊಂಡು ಗುಬ್ಬಿ ಕಡೆ ಓಡಾಡುತ್ತಾನೆ. ಸೊಸೆ ಕುಣಿಗಲ್ಲಿನವಳು. ಸತ್ಯಮಂಗಲದ ಅದೇ ಕಾರ್ಖಾನೆಯಲ್ಲಿ, ಔಷಧಿ ಬಾಟಲಿಗೆ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆ ಅದು, ಪ್ಯಾಕಿಂಗ್ ಮಾಡುತ್ತಿದ್ದಳು, ಸೆಕೆಂಡ್ ಶಿಫ್ಟು. ತನ್ನ ಮಗಳು ಸ್ಕೂಲಿನಿಂದ ಬರುವ ಮುಂಚೆ ಹೋಗುತ್ತಿದ್ದಳು, ಮಗಳು ಮಲಗಿದ ಮೇಲೆ ಬರುತ್ತಿದ್ದಳು. ಅವಳ ಊಟ ಬಡಿಸಿ, ಮೇಲೊಂದು ತಟ್ಟೆ ಬೋರಲು ಹಾಕಿ ಇಡುವುದು ನನ್ನ ಕೆಲಸ. ಆರಿ ಬಿಗಿದ ಮುದ್ದೆಯನ್ನು ಅವಳು ಸಾರಿನಲ್ಲಿ ಮುರಿದು ಮುರಿದು ನುಂಗುತ್ತಿದ್ದಳು.

ಆಫೀಸಿನಲ್ಲಿ ಫೋನು ಎತ್ತಿ ಲೋಡಿನ ವಿಚಾರ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟರು. ಹೊರರಾಜ್ಯದವರ ಜೊತೆ ಮಾತಾಡುವಷ್ಟು ಇಂಗ್ಲಿಷ್ ಕಲಿತರೆ ಆ ಜಾಗ ನಿನಗೇ, ಒಂದು ಸಣ್ಣ ಟೆಸ್ಟ್ ಮಾಡುತ್ತೇವೆ ಎಂದು ಮ್ಯಾನೇಜರು ಸೊಸೆಗೆ ಹೇಳಿದರಂತೆ. ಕಲಿಸುವುದಕ್ಕೆ ಮನೆಯಲ್ಲೇ ಟೀಚರು ಇದ್ದಳಲ್ಲ, ಏಳನೇ ಕ್ಲಾಸಿನ ನನ್ನ ಮೊಮ್ಮಗಳು. ಅಂಥ ಟೀಚರು ಯಾರಿಗೂ ಬೇಡ.

ಅವತ್ತಿನಿಂದ ಬೆಳಗಿನ ಹೊತ್ತು ಮನೆಯಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ. ಉಪ್ಪು ಕೊಡೇ ಅಂದರೆ, ಡಬ್ಬಿ ಶೆಲ್ಫಿನ ಮೇಲಿದೆಯೋ ಒಳಗಿದೆಯೋ ಇಂಗ್ಲಿಷಿನಲ್ಲಿ ಹೇಳು ಅನ್ನುತ್ತಿದ್ದಳು. ಆನ್ ದಿ ಶೆಲ್ಫ್, ಇನ್ ದಿ ಬಾಕ್ಸ್, ಅಂಡರ್ ದಿ ಕಾಟ್. ಒಲೆಯ ಮೇಲೆ ಸಾರು ಉಕ್ಕಿ ಹರಿಯುತ್ತಿದ್ದರೂ ಅವಳಿಗೆ ಉಕ್ಕಿದ್ದು ಯಾವುದರ ಮೇಲೆ ಅನ್ನುವುದೇ ಮುಖ್ಯ.

ಆಮೇಲೆ ಆ ಎಸ್ಸಿನ ಕಾಟ. ಬಾಕ್ಸ್ ಒಂದೇ ಬಂದರೆ ಕಮ್ಸ್ ಅನ್ನಬೇಕಂತೆ. ಬಾಕ್ಸು ಹೆಚ್ಚಾದರೆ ಎಸ್ಸು ಬಾಕ್ಸಿಗೆ ಹೋಗಿ, ಕಮ್ ಬರಿದಾಗಬೇಕಂತೆ. ಇರುವ ಒಂದು ಒಳ್ಳೆಯ ಸೀರೆಯನ್ನು ಅಕ್ಕತಂಗಿಯರು ಸರದಿಯ ಮೇಲೆ ಉಟ್ಟುಕೊಂಡ ಹಾಗೆ. ಇಬ್ಬರಿಗೂ ಒಂದೊಂದು ಕೊಟ್ಟಿದ್ದರೆ ಈ ಇಂಗ್ಲಿಷಿನವರ ಗಂಟೇನು ಹೋಗುತ್ತಿತ್ತು?

ಸೊಸೆ ಬಾಕ್ಸಿನ ಲೆಕ್ಕ ಬೇಗ ಕಲಿತಳು. ಎಡವುತ್ತಿದ್ದುದು ಮನೆಯವರ ವಿಷಯಕ್ಕೆ. ನಮ್ಮ ಯಜಮಾನರ ಬಗ್ಗೆ ಹೇಳು ಅಂದರೆ ಪ್ರತಿ ಸಲವೂ ‘ಮೈ ಫಾದರ್ ಇನ್ ಲಾ ಆರ್’ ಎಂದೇ ಶುರು ಮಾಡುವಳು.

"ಅಮ್ಮಾ, ತಾತ ಎಷ್ಟು ಜನ ಇದಾರೆ? ಒಬ್ರೇ ತಾನೆ? ಈಸ್ ಅನ್ನು."

"ಹೆಂಗೆ ಅನ್ಲೇ? ಅವನು ಇದಾನೆ ಅಂದಂಗೆ ಕೇಳ್ಸತ್ತೆ. ಮಾವ ಅಲ್ಲೇ ಕೂತವ್ರೆ."

"ಇಂಗ್ಲಿಷಲ್ಲಿ ಮರ್ಯಾದೆ ಇಲ್ಲ ಕಣಮ್ಮ, ಗ್ರಾಮರ್ ಅಷ್ಟೇ."

"ಅದು ಕಾಣ್ತಾ ಇದೆ ಬುಡು," ಎಂದರು ನಮ್ಮ ಯಜಮಾನರು, ಎಲೆಗೆ ಸುಣ್ಣ ಹಚ್ಚುತ್ತಾ.

ಅವರಿಗೆ ಈ ಪಾಠದ ಮೇಲೆ ಮೊದಲೇ ಸಿಟ್ಟಿತ್ತು. ಮನೆಯಿಂದ ಹೊರಡುವವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ. ತಿಳಿಯಲೇಬೇಕಾದರೆ ದೂರ ಹೊರಟಿರಾ ಎಂದು ಕೇಳುವುದು ನಮ್ಮಲ್ಲಿ ಮೊದಲಿಂದ ಬಂದ ರೂಢಿ. ಮೊಮ್ಮಗಳ ಪಾಠದಲ್ಲಿ ಮೊದಲ ಪ್ರಶ್ನೆಯೇ ‘ವೇರ್ ಆರ್ ಯು ಗೋಯಿಂಗ್’. ಯಜಮಾನರು ತೋಟಕ್ಕೆಂದು ಚಪ್ಪಲಿ ಮೆಟ್ಟಿದರೆ ಸಾಕು, ಬಾಗಿಲಲ್ಲಿ ನಿಂತು ಕೇಳುವಳು. ಅವರು ಚಪ್ಪಲಿ ಬಿಟ್ಟು, ಒಳಗೆ ಬಂದು ಕೂತು, ನೀರು ಕುಡಿದು, ಸುಧಾರಿಸಿಕೊಂಡು ಮತ್ತೆ ಹೊರಡುವರು. ಕೆಲವು ದಿನ ಅವರು ತೋಟ ಸೇರುವಷ್ಟರಲ್ಲಿ ಬಿಸಿಲೇರುತ್ತಿತ್ತು.

"ಇಂಗ್ಲಿಷಲ್ಲಿ ಕೇಳಿದ್ದೂ ಲೆಕ್ಕಕ್ಕೆ ಬರತ್ತಾ?" ಎಂದು ನಾನು ರೇಗಿದೆ.

"ಕೇಳಿದ್ದು ಕೇಳಿದ್ದೇ. ಅರ್ಥ ಆಗೋಯ್ತಲ್ಲ ನನಗೆ."

ಟೆಸ್ಟಿನ ದಿನವೂ ಅದೇ ಆಯಿತು. ಸೊಸೆ ದೇವರಿಗೆ ಕೈಮುಗಿದು ಹೊಸಿಲು ದಾಟಲು ಕಾಲೆತ್ತಿದಳು. ಕೊನೇ ಸಲ ಪಾಠ ಒಪ್ಪಿಸಿಕೊಳ್ಳೋಣವೆಂದು ಮೊಮ್ಮಗಳು, "ವೇರ್ ಆರ್ ಯು ಗೋಯಿಂಗ್, ಅಮ್ಮ?" ಎಂದುಬಿಟ್ಟಳು.

ಯಜಮಾನರ ಮುಖ ಇಳಿದುಹೋಯಿತು. "ಒಳಗೆ ಬಾಮ್ಮ. ಒಂದ್ಗಳಿಗೆ ಕೂತು ನೀರು ಕುಡ್ಕೊಂಡು ಹೋಗು."

"ಬಸ್ಸು ಹೋಯ್ತದೆ ಮಾವ."

"ಇವತ್ತೇ ಹಿಂಗೆ ಹೋಗ್ತೀಯಾ? ಬ್ಯಾಡ ಕಣಮ್ಮ."

ಮಾವನ ಮಾತು ಮೀರುವವಳಲ್ಲ, ಕೂತಳು. ನೀರು ಗಂಟಲಿಗೆ ಇಳಿಯುವಷ್ಟರಲ್ಲಿ ಬಸ್ಸು ಹೋಯಿತು. ಮುಂದಿನ ಬಸ್ಸಿನಲ್ಲಿ ತುಮಕೂರು ತಲುಪಿ, ಅಲ್ಲಿಂದ ಸತ್ಯಮಂಗಲಕ್ಕೆ ಆಟೊ ಹಿಡಿದು ಹೋದರೆ ಮ್ಯಾನೇಜರು ಹೊರಟುಹೋಗಿದ್ದರು. ಮುಂದಿನ ತಿಂಗಳು ನೋಡೋಣ, ಅಷ್ಟರಲ್ಲಿ ಬೇರೆ ಯಾರೂ ಸಿಗದಿದ್ದರೆ, ಎಂದು ಹೇಳಿಹೋಗಿದ್ದರಂತೆ. ಸೊಸೆ ಅಳಲಿಲ್ಲ. ಹೋಗಿ ಪ್ಯಾಕಿಂಗಿಗೆ ನಿಂತಳು. ನಾನು ಎಂದಿನಂತೆ ತಟ್ಟೆ ಬೋರಲು ಹಾಕಿಟ್ಟೆ.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಕೇಳಿದ ಮೊಮ್ಮಗಳ ಮೇಲೆ, ಕೂರಿಸಿದ ಯಜಮಾನರ ಮೇಲೆ, ಇಂಥ ಪ್ರಶ್ನೆಯನ್ನು ಪುಸ್ತಕದ ಮೊದಲಲ್ಲೇ ಹಾಕಿದವರ ಮೇಲೆ. ಬೆಳಗಿನ ಪಾಠದ ನಡುವೆಯೇ ಎದ್ದು ಹೋಗುತ್ತಿದ್ದ ಯಜಮಾನರು ಅವತ್ತಿನಿಂದ ಜಗಲಿಯಲ್ಲೇ ಕೂರತೊಡಗಿದರು, ಅಡಿಕೆ ಕತ್ತರಿಸುವ ನೆಪದಲ್ಲಿ.

ಬೇರೆ ಯಾರೂ ಸಿಗಲಿಲ್ಲ. ಎರಡನೇ ಸಲ ಕರೆ ಬಂದಾಗ ನಾನು ಬೆಳಗ್ಗೆಯೇ ಮೊಮ್ಮಗಳ ಕೈಗೆ ಉಪ್ಪಿಟ್ಟು ಕೊಟ್ಟು, ನಿಮ್ಮಮ್ಮ ಬೀದಿ ತಿರುಗುವವರೆಗೆ ಬಾಯಿ ಖಾಲಿ ಆಗಬಾರದು ಎಂದು ಹೆದರಿಸಿ ಕೂರಿಸಿದೆ. ಯಜಮಾನರು ಸೊಸೆಯ ಜೊತೆ ಬಸ್ ಸ್ಟಾಪಿಗೆ ಹೊರಟರು. ಎಂದೂ ಹೋದವರಲ್ಲ. ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ ನಾನೂ ಹಿಂದೆಯೇ ಹೋದೆ.

ಬಸ್ಸು ಬಂತು. ಸೊಸೆ ಹತ್ತಿ ಕಿಟಕಿಯ ಪಕ್ಕ ಕೂತಳು. ಯಜಮಾನರು ಹೊಂಗೆ ಮರದ ಕೆಳಗೆ ನಿಂತವರು ಗಂಟಲು ಸರಿಮಾಡಿಕೊಂಡು, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಕೇಳಿದರು:

"ವೇರ್. ಆರ್. ಯು. ಗೋಯಿಂಗ್."

ನಾನು ಕ್ಯಾನು ಕೆಳಗಿಟ್ಟೆ. "ಏನ್ರೀ ನೀವೇ ಕೇಳ್ಬುಟ್ರಿ?"

"ಹೊಸ್ಲು ದಾಟಿ, ಬಸ್ಸು ಹತ್ತಿ ಕೂತವ್ಳೆ. ಇನ್ನು ಅದು ಬರೀ ಪಾಠ ಕಣೆ. ಪಾಠ ಒಪ್ಪಿಸ್ದೆ ಹೋಗ್ಬಾರ್ದು."

ಸೊಸೆ ಮಾವನ ಮುಖ ನೋಡಿದಳು. ಆಮೇಲೆ ಬಸ್ಸಿಗೆಲ್ಲ ಕೇಳುವ ಹಾಗೆ, "ಐ ಆಮ್ ಗೋಯಿಂಗ್ ಟು ಸತ್ಯಮಂಗಲ. ಮೈ ಫಾದರ್ ಇನ್ ಲಾ ಈಸ್ ಸ್ಟ್ಯಾಂಡಿಂಗ್ ಅಂಡರ್ ದಿ ಟ್ರೀ," ಎಂದಳು.

"ಟಿಕೆಟ್ ಕೊಡಕ್ಕೆ ನಾವು ಗ್ರಾಮರ್ ಕೇಳಲ್ಲ ಕಣಮ್ಮ," ಎಂದ ಕಂಡಕ್ಟರು. ಬಸ್ಸು ನಗುತ್ತಲೇ ಹೊರಟಿತು.

ಮಧ್ಯಾಹ್ನ ಫೋನು ಬಂತು. "ಅತ್ತೆ, ಆಯ್ತು," ಎಂದಳು. ಅವತ್ತು ಶಿಫ್ಟಿಗೆ ನಿಲ್ಲಬೇಡ, ಮನೆಗೆ ಹೋಗು ಅಂದರಂತೆ. ಮಗನೂ ಗುಬ್ಬಿಯಿಂದ ಬೇಗ ಬಂದ.

ಸಂಜೆ ಬಸ್ಸಾರು, ಅವರೆಕಾಳು ಪಲ್ಯ, ಕಾಯಿ ಹಾಲು ಹಿಂಡಿದ ಶ್ಯಾವಿಗೆ ಪಾಯಸ ಮಾಡಿದೆ. ಎಲ್ಲರೂ ನಡುಮನೆಯಲ್ಲಿ ಸುತ್ತ ಕೂತರು. ಹಬೆಯಾಡುವ ಮೊದಲ ಮುದ್ದೆಯನ್ನು ಸೊಸೆಯ ತಟ್ಟೆಗೆ ಹಾಕಿದೆ. ಅವಳು ಬೆರಳು ಸುಟ್ಟುಕೊಂಡು ಉಫ್ ಎಂದು ಊದಿದಳು, ಬಿಸಿ ಮರೆತುಹೋಗಿತ್ತು ಪಾಪ.

"ತಾತ ಈಸ್ ಈಟಿಂಗ್," ಎಂದಳು ಮೊಮ್ಮಗಳು.

"ತಿನ್ಲಿ ಬುಡು, ಅವನ ಪಾಡಿಗೆ ಅವನು," ಎಂದು ಯಜಮಾನರು ತಟ್ಟೆ ಮುಂದೆ ಚಾಚಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.