ಲಾಂಚಿನ ಹಿಂದಿನ ಬಾರ್ಜ್

ಅಣೆಕಟ್ಟಿನ ಹಿನ್ನೀರು ಏರಿ, ಕೂಡಲಸಂಗಮದ ಬಳಿ ಹೊಳೆ ಸಮುದ್ರದಂತೆ ಹರಡಿಕೊಂಡ ಕಾಲ ಅದು. ನಾನು ಇಳಕಲ್ಲಿನ ನೇಕಾರರ ಮನೆಯವಳು. ಆಚೆ ದಡದ ಹಳ್ಳಿಯ ಶಾಲೆಗೆ ಹೊಸದಾಗಿ ಶಿಕ್ಷಕಿಯಾಗಿ ಸೇರಿದ್ದೆ. ಈಚೆ ದಡದಲ್ಲಿ ಕೋಣೆ ಹಿಡಿದಿದ್ದರಿಂದ ದಿನಾ ಹೊಳೆ ದಾಟಬೇಕಿತ್ತು.

ಮುಂದೆ ಸಣ್ಣದೊಂದು ಲಾಂಚ್. ಅದಕ್ಕೆ ಎಂಜಿನ್ನು, ಚುಕ್ಕಾಣಿ, ತಗಡಿನ ನೆರಳು, ಕೂರಲು ಹಲಗೆ. ಅದರ ಹಿಂದೆ ದಪ್ಪ ಹಗ್ಗಕ್ಕೆ ಕಟ್ಟಿದ ಅಗಲವಾದ ಬಾರ್ಜ್. ಎಂಜಿನ್ನಿಲ್ಲ, ನೆರಳಿಲ್ಲ, ಎಳೆಯದಿದ್ದರೆ ಮೊಳ ದೂರವೂ ಹೋಗದು. ಆದರೆ ಬಂಡಿ, ಎತ್ತು, ಜೋಳದ ಚೀಲ, ಎಲ್ಲ ಭಾರವೂ ಅದರ ಮೇಲೆಯೇ. ಎತ್ತುಗಳನ್ನು ಅಲ್ಲಿ ಗೂಟಕ್ಕೆ ಬಿಗಿದು ಗಂಡಸರು ಲಾಂಚಿಗೆ ಬರುತ್ತಿದ್ದರು. ಹೆಂಗಸರು ಎತ್ತುಗಳ ನಡುವೆಯೇ ಕೂರಬೇಕು. ಹೆಂಗಸು ಲಾಂಚಿಗೆ ಹತ್ತಿದರೆ ಎಂಜಿನ್ ಕೈಕೊಡುತ್ತದೆ ಎಂದು ಡ್ರೈವರ್ ನಂಬಿದ್ದ, ಊರೂ ನಂಬಿತ್ತು.

ನನ್ನ ಕೋಣೆಯಲ್ಲೇ ಇದ್ದ ನರ್ಸ್ ಮಕ್ಕಳಿಗೆ ಲಸಿಕೆ ಹಾಕಲು ಆಚೆ ದಡಕ್ಕೆ ಬರುತ್ತಿದ್ದಳು. ಒಂದು ಬೆಳಿಗ್ಗೆ ಬಾರ್ಜಿನಲ್ಲಿ ಎತ್ತೊಂದು ಬೆದರಿ ಅವಳ ಪಾದ ತುಳಿಯಿತು. ಸಂಜೆಯ ಹೊತ್ತಿಗೆ ಪಾದ ಬಾತು ಚಪ್ಪಲಿ ಹಿಡಿಯಲಿಲ್ಲ. ಮರಳುವಾಗ ಅವಳ ತೋಳು ಹಿಡಿದು ನೇರ ಲಾಂಚಿಗೆ ಹತ್ತಿಸಿ, ಪಕ್ಕದಲ್ಲಿ ನಾನೂ ಕೂತೆ.

“ಅಕ್ಕೋರ, ಇಳೀರಿ. ಹೆಣ್ಮಕ್ಕಳು ಇಲ್ಲಿ ಕುಂಡ್ರಂಗಿಲ್ಲ,” ಎಂದ ಡ್ರೈವರ್.

“ಆಕಿ ಕಾಲ ನೋಡ್ರಿ. ಮತ್ತ ಎತ್ತಿನ ಕಾಲಾಗ ಕುಂಡ್ರಸ್ಲೇನು?”

“ಹಂಗಾರ ಲಾಂಚ್ ಬಿಡಂಗಿಲ್ಲ.”

“ಬಿಡಬ್ಯಾಡ್ರಿ. ನಾವೂ ಇಳಿಯಂಗಿಲ್ಲ.”

ಅವನು ಕೈಕಟ್ಟಿ ಕೂತ. ಗಂಡಸರು ಗೊಣಗಿದರು. ನರ್ಸ್ ನನ್ನ ಸೆರಗು ಜಗ್ಗಿ, “ಹೋಗ್ಲಿ ಬಿಡ, ನಾ ಹಿಂದ ಕುಂಡ್ರತೇನಿ,” ಎಂದಳು. ನಾನು ಅವಳ ಕೈ ಬಿಡಲಿಲ್ಲ.

ಆಗ ಬಾರ್ಜಿನಲ್ಲಿದ್ದ ಹಾಲು ಮಾರುವ ಮುದುಕಿ ಎದ್ದು ಬಂದು, ಲಾಂಚಿಗೆ ಕಟ್ಟಿದ್ದ ಹಗ್ಗವನ್ನೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. “ಅವರನ್ನ ಇಳಿಸಿ ಗಂಡಸರೆಲ್ಲಾ ಹೋಗ್ರಪಾ. ನಿಮ್ಮ ಬಂಡಿ, ಎತ್ತು ನಮ್ಮ ಕೂಡ ಇಲ್ಲೇ ಇರ್ತಾವ.” ಉಳಿದ ಹೆಂಗಸರೂ ಅವಳ ಸುತ್ತ ಕೂತರು.

ಮೊದಲು ನಗೆ ಕೇಳಿಸಿತು. ಹೊತ್ತು ಇಳಿಯುತ್ತ ಬಂದಂತೆ ನಗೆ ನಿಂತಿತು. ಕೊನೆಗೆ ಬಂಡಿಯವನೊಬ್ಬ ಡ್ರೈವರನ ಮೇಲೆ ಹರಿಹಾಯ್ದ: “ಚಾಲೂ ಮಾಡಲೇ! ಬಿಟ್ಟು ಹೋಗಾಕ ಅವೇನು ನಿನ್ನ ಎತ್ತಾ?”

ಡ್ರೈವರ್ ನಮ್ಮತ್ತ ನೋಡದೆ ಎಂಜಿನ್ ಶುರು ಮಾಡಿದ. ಮುದುಕಿ ಹಗ್ಗ ಕೊಟ್ಟಳು. ದಡ ಮುಟ್ಟುವವರೆಗೂ ಎಂಜಿನ್ ಕೆಮ್ಮಲೂ ಇಲ್ಲ.

ಮರುದಿನವೂ ಲಾಂಚಿನಲ್ಲೇ ಕೂತೆ. ಅದರ ಮರುದಿನವೂ. ಮುಂದೊಂದು ದಿನ ಎಂಜಿನ್ ನಡುನೀರಲ್ಲಿ ನಿಂತೇಬಿಟ್ಟಿತು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಕೇಳಿದೆ: “ಶ್ರಾವಣದಾಗೂ ಹಿಂಗ ನಿಂತಿತ್ತಲ್ಲ, ಆಗ ಇಲ್ಲಿ ಯಾವ ಹೆಣ್ಮಗಳು ಕುಂತಿದ್ಲರಿ?”

ಡ್ರೈವರ್ ಡೀಸೆಲ್ ಪೈಪು ಕಳಚಿ, ಊದಿ, ಕಸ ತೆಗೆದ. ಲಾಂಚ್ ಹೊರಟಿತು.

ನರ್ಸಿಗೆ ಬಾದಾಮಿಯ ಕಡೆ ವರ್ಗವಾಯಿತು. ಹೆಂಗಸರಲ್ಲಿ ಹಲವರು ಲಾಂಚಿಗೆ ಬಂದರು, ಕೆಲವರು ಬರಲಿಲ್ಲ. ಬಾರ್ಜಿನಲ್ಲಿ ಕಾಲು ಚಾಚಬಹುದು, ಗಂಡಸರ ಕಿವಿಗೆ ಬೀಳದಂತೆ ಮಾತಾಡಬಹುದು. ಮನಸ್ಸು ಬಂದಾಗ ನಾನೂ ಅಲ್ಲಿ ಕೂರುತ್ತಿದ್ದೆ. “ಹಿಂದ ಕುಂಡ್ರಿ” ಎಂದು ಯಾರಾದರೂ ಹೇಳಿದ ದಿನ ಮಾತ್ರ ಲಾಂಚನ್ನೇ ಹತ್ತುತ್ತಿದ್ದೆ.