ಕೆಂಪಾದ ತೊವ್ವೆ

ಇವತ್ತು ಬೆಳಿಗ್ಗೆ ಮೊಮ್ಮಗಳ ಬಿಳಿ ಫ್ರಾಕಿನ ಮೇಲೆ ತೊವ್ವೆ ಚೆಲ್ಲಿತು. ನಲ್ಲಿಯ ಕೆಳಗೆ ಹಿಡಿದು ಬಟ್ಟೆ ಸೋಪು ತಿಕ್ಕಿದೆ ನೋಡಿ, ಅರಿಸಿನದ ಕಲೆ ಕಣ್ಣೆದುರೇ ಕೆಂಪಾಯಿತು. ನಿಮ್ಮ ಮನೆಯಲ್ಲೂ ಎಷ್ಟೋ ಸಲ ಆಗಿರುತ್ತದೆ, ಯಾರೂ ಗಮನಿಸುವುದಿಲ್ಲ. ಹಾವು ಕಂಡರೆ ಕೋಲು ಹುಡುಕುವ ಹೆಂಗಸು ನಾನು. ಆದರೆ ಅರಿಸಿನ ಕೆಂಪಾದರೆ ಇಂದಿಗೂ ಕೈಕಾಲು ತಣ್ಣಗಾಗುತ್ತವೆ. ನಗುವುದಿದ್ದರೆ ನಕ್ಕುಬಿಡಿ, ಆಮೇಲೆ ಮುಂದಿನದು ಕೇಳಿ.

ನಮ್ಮ ಮನೆಯವರು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದರು. ಎಂಬತ್ತರ ದಶಕದಲ್ಲಿ ಧಾರವಾಡದಿಂದ ನಮ್ಮನ್ನು ಎತ್ತಿ ಮೊದಲು ವಿಜಯವಾಡಕ್ಕೆ ಹಾಕಿದರು. ಅಲ್ಲಿನ ಬಾಡಿಗೆ ಮನೆಯ ಹಿತ್ತಲ ಗೋಡೆಯ ಆಚೆ ರಾವುಗಾರು ಎಂಬ ವ್ಯಾಪಾರಿಯ ಕಾಸ್ಟಿಕ್ ಸೋಡಾ ಗೋದಾಮು. ಲಾರಿಯಿಂದ ಕಬ್ಬಿಣದ ಡ್ರಮ್ಮುಗಳು ಇಳಿಯುತ್ತಿದ್ದವು. ಕೆಲಸದವರು ಅದರ ತಗಡನ್ನು ಸೀಳಿ, ಹಲಸಿನ ಹಣ್ಣು ಬಿಡಿಸಿದ ಹಾಗೆ ಬಿಡಿಸಿದರೆ ಒಳಗೆ ಡ್ರಮ್ಮಿನದೇ ಆಕಾರದ ಒಂದು ಬಿಳಿ ಬಂಡೆ. ಅದನ್ನು ಒಡೆದು ಸಾಬೂನು ಮಾಡುವವರಿಗೆ, ನೂಲಿಗೆ ಬಣ್ಣ ಹಾಕುವವರಿಗೆ, ಕಾಗದದ ಕಾರ್ಖಾನೆಯವರಿಗೆ ಕೊಡುತ್ತಿದ್ದರು. ಸಣ್ಣ ಗಿರಾಕಿಗಳಿಗೆ ಚೀಲಗಳಲ್ಲಿ ಬಿಳಿ ಚಕ್ಕೆಗಳು ಬೇರೆ ಬರುತ್ತಿದ್ದವು.

ಕಲ್ಲುಸಕ್ಕರೆಯಂತೆ ಹೊಳೆಯುವ ಒಂದು ಚೂರು ಸಿಡಿದು ನಮ್ಮ ಹಿತ್ತಲಿಗೆ ಬಿತ್ತು. ನಾನು ಬಗ್ಗಿದ್ದೇ ತಡ, ರಾವುಗಾರು ಗೋಡೆಯ ಆಚೆಯಿಂದ ಕೂಗಿದರು. ಬಳ್ಳಾರಿಯಲ್ಲಿ ಬೀಗರಿದ್ದುದರಿಂದ ಅವರಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತು.

“ಚೆಯ್ಯಿ ಪೆಟ್ಟಕಂಡಮ್ಮಾ! ಮುಟ್ಟಬೇಡಿ! ಅದು ಉಪ್ಪಿನ ಹೊಟ್ಟೆಯಲ್ಲೇ ಹುಟ್ಟಿದ್ದು, ಆದರೆ ತಾಯಿ ಗುಣ ಒಂದೂ ಬರಲಿಲ್ಲ. ಮೈಗೆ ತಾಗಿದರೆ ನೀಳ್ಳು ಪೊಯ್ಯಂಡಿ, ಬರೀ ನೀರು, ಸಾಕು ಸಾಕು ಅನ್ನೋವರೆಗೂ ನೀರು.”

ಸಂಜೆ ನಮ್ಮ ಮನೆಯವರು ಕಾಫಿ ಕುಡಿಯುತ್ತ ಉಳಿದದ್ದನ್ನು ವಿವರಿಸಿದರು. ಸಾಲ ಕೊಡುವ ಮೊದಲು ಕಾರ್ಖಾನೆ ನೋಡಿಬಂದ ಮನುಷ್ಯ, ಸುಮ್ಮನಿರುತ್ತಾರೆಯೇ? ಉಪ್ಪುನೀರಿನಲ್ಲಿ ಕರೆಂಟು ಹಾಯಿಸುತ್ತಾರಂತೆ. ಒಂದು ಕಡೆ ಉಸಿರುಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ, ಇನ್ನೊಂದು ಕಡೆ ಈ ಕ್ಷಾರದ ನೀರು ಉಳಿಯುತ್ತದೆ. ಅದನ್ನು ನೀರಿನ ಅಂಶ ಹೋಗುವ ತನಕ ಕಾಯಿಸಿ, ಕರಗಿದ ಪಾಕವನ್ನೇ ಡ್ರಮ್ಮಿಗೆ ಹೊಯ್ದರೆ ಆರಿ ಬಂಡೆಯಾಗುತ್ತದೆ. ಒಮ್ಮೆ ಆ ಗೋದಾಮಿನಲ್ಲಿ ಬಕೆಟ್ಟಿನ ತಣ್ಣೀರಿಗೆ ಒಂದು ಹಿಡಿ ಚಕ್ಕೆ ಹಾಕಿದ್ದನ್ನು ನೋಡಿದೆ. ಒಲೆಯಿಲ್ಲ, ಬೆಂಕಿಯಿಲ್ಲ, ನೀರು ತಾನೇ ಕಾದು ಹಬೆಯಾಡಿತು. ಅವತ್ತಿನಿಂದ ಆ ಗೋಡೆಯ ಹತ್ತಿರ ಬಟ್ಟೆ ಒಣಹಾಕುವುದನ್ನೂ ಬಿಟ್ಟೆ.

ಮುಂದೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಗಾಜುವಾಕದಲ್ಲಿ ಮನೆ ಹಿಡಿದೆವು. ಮಗಳು ವೀಣಾ ಆಗ ನಾಲ್ಕು ವರ್ಷದವಳು. ಬೀದಿಯ ಮಕ್ಕಳ ಜೊತೆ ಆಡಿ ಆಡಿ ಬಾಯಿ ಬಿಟ್ಟರೆ ತೆಲುಗು. ಮೊಮ್ಮಗಳಿಗೆ ಕನ್ನಡ ಕಲಿಸಲೆಂದು ಧಾರವಾಡದಿಂದ ನಮ್ಮ ಅತ್ತೆ ಬಂದರು. ಬಂದ ದಿನದಿಂದ ಅವರಿಗೂ ಅಲ್ಲಿನ ಸಮುದ್ರದ ಗಾಳಿಗೂ ಆಗಿಬರಲಿಲ್ಲ. ಹಪ್ಪಳ ಮೆತ್ತಗಾಯಿತು, ಬೆಂಕಿಕಡ್ಡಿ ಹತ್ತಲಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಡಬ್ಬಿಯ ಉಪ್ಪು ನೀರೊಡೆಯಿತು. “ಉಪ್ಪು ಅಳತದs ಇಲ್ಲೆ! ಎಂಥಾ ಊರs ಇದು,” ಎನ್ನುತ್ತ ದಿನವೂ ಅದನ್ನು ಮೊರದಲ್ಲಿ ಹರಡಿ ಬಿಸಿಲಿಗೆ ಇಡುತ್ತಿದ್ದರು.

ಇದೇ ಹೊತ್ತಿಗೆ ನಮ್ಮ ಬಚ್ಚಲಿನ ನೀರು ಕಟ್ಟಿಕೊಳ್ಳತೊಡಗಿತು. ಕೆಲಸದ ಮೇಲೆ ವಿಜಯವಾಡಕ್ಕೆ ಹೋಗಿದ್ದ ನಮ್ಮ ಮನೆಯವರು ರಾವುಗಾರು ಕೊಟ್ಟ ಒಂದು ಪೊಟ್ಟಣ ಚಕ್ಕೆ ತಂದು, ಸ್ವಲ್ಪ ಕೊಳವೆಗೆ ಹಾಕಿ, ಉಳಿದದ್ದನ್ನು ಗಾಜಿನ ಭರಣಿಗೆ ತುಂಬಿ ಬಚ್ಚಲ ಅಟ್ಟದ ಮೇಲಿಟ್ಟರು. ಗಾಳಿಯ ತೇವವನ್ನು ಕಾಸ್ಟಿಕ್ ಸೋಡಾದಷ್ಟು ಆಸೆಯಿಂದ ಕುಡಿಯುವ ವಸ್ತುಗಳು ಕಡಿಮೆ. ಭರಣಿಯ ಮುಚ್ಚಳ ಸಡಿಲವಾಗಿತ್ತೋ ಏನೋ, ಕೆಲವೇ ದಿನಗಳಲ್ಲಿ ಒಳಗಿನದು ಅರ್ಧ ಕರಗಿ ತೊಟ್ಟಿಕ್ಕುತ್ತಿತ್ತು. ಥೇಟು ಅತ್ತೆಯವರ ಉಪ್ಪಿನ ಹಾಗೆ.

ಮಡಿಯ ಸೀರೆ ತೆಗೆಯಲು ಹೋದ ಅತ್ತೆಯ ಕಣ್ಣಿಗೆ ಅದು ಬಿತ್ತು. ಸೊಸೆ ಉಪ್ಪು ಕೆಡಿಸಿ, ಬೈಸಿಕೊಳ್ಳಬೇಕಾಗುತ್ತದೆಂದು ಬಚ್ಚಿಟ್ಟಿದ್ದಾಳೆ ಎಂದುಕೊಂಡರು. ಅವರ ಲೆಕ್ಕದಲ್ಲಿ ಉಪ್ಪು ಲಕ್ಷ್ಮಿ, ಚೆಲ್ಲುವಂತಿಲ್ಲ. ನಾನು ತರಕಾರಿಗೆ ಹೋಗಿದ್ದಾಗ ಒಂದು ಚಮಚ ಎತ್ತಿ ಕುದಿಯುವ ತೊವ್ವೆಗೆ ಹಾಕಿದರು. ದೇವರಿಗೆ ತೋರಿಸದೆ ರುಚಿ ನೋಡುವ ಪದ್ಧತಿ ಅವರ ಏಳು ತಲೆಮಾರಿನಲ್ಲೂ ಇರಲಿಲ್ಲ. ನೈವೇದ್ಯ ಮಾಡಿದರು, ದೇವರು ಏನೂ ಅನ್ನಲಿಲ್ಲ. ಆಮೇಲೆ ಹಸಿದ ಮೊಮ್ಮಗಳಿಗೆ ತಟ್ಟೆ ಹಾಕಿದರು.

ನಾನು ಚೀಲ ಹಿಡಿದು ಒಳಗೆ ಬಂದಾಗ ವೀಣಾ ತಟ್ಟೆಯ ಮುಂದೆ ಕೂತಿದ್ದಳು. ಅನ್ನದ ಮೇಲೆ ಆರತಿ ನೀರಿನಂತೆ ಕೆಂಪಗೆ ಏನೋ ಇತ್ತು.

“ನೋಡಿಲ್ಲೆ, ನಿನ್ನ ಗಾಜುವಾಕದ ಅರಿಸಿನ! ಸುಣ್ಣ ಬೆರಸ್ಯಾರೋ ಏನೋ, ತೊವ್ವಿ ಓಕಳಿ ಆಗಿ ಕೂತದ,” ಎಂದರು ಅತ್ತೆ.

ಆಗ ಕಟ್ಟೆಯ ಮೇಲಿನ ಭರಣಿ ಕಂಡಿತು. ಚೀಲ ಎಲ್ಲಿ ಬಿತ್ತೋ ಗೊತ್ತಿಲ್ಲ. ತಟ್ಟೆ ಕಸಿದುಕೊಂಡೆ, ಮಗಳ ಗಲ್ಲ ಹಿಡಿದೆ. ಆ ಗಾಬರಿಯಲ್ಲಿ ನನ್ನ ಬಾಯಿಗೂ ಕನ್ನಡ ಬರಲಿಲ್ಲ. “ತಿನ್ನಾವಾ? ವೀಣಾ, ತಿನ್ನಾವಾ?” ತಿಂದೆಯಾ ಎಂದು ಕೇಳುತ್ತಲೇ ಇದ್ದೆ. ಅವಳು ತುಟಿ ಬಿಗಿಹಿಡಿದಿದ್ದಳು. ಆ ಒಂದು ಗಳಿಗೆ ಇದೆಯಲ್ಲ, ಅದು ಈಗಲೂ ನನ್ನೊಳಗೆ ಮುಗಿದಿಲ್ಲ. ಕೊನೆಗೆ ಮೂಗು ಸಿಂಡರಿಸಿ ಹೇಳಿದಳು: “ಎರ್ರಗಾ ಉಂದಿ. ನಾಕೊದ್ದು.” ಕೆಂಪಗಿದೆ, ನನಗೆ ಬೇಡ.

ನಾಲಗೆ, ಒಸಡು, ಬೆರಳು ಎಲ್ಲ ನೋಡಿದೆ. ಏನೂ ಆಗಿರಲಿಲ್ಲ. ಅಷ್ಟರಲ್ಲಿ ಅತ್ತೆ, “ನನ್ನ ಬೆರಳ್ಯಾಕೋ ಎಣ್ಣಿ ಹಚ್ಚಿದಂಗ ಜಾರ್ತಾವ, ಉರೀತಾವ,” ಎಂದರು. ಚಮಚದಿಂದ ಸೋರಿದ್ದು ಅವರ ಚರ್ಮವನ್ನೇ ಸಾಬೂನು ಮಾಡುತ್ತಿತ್ತು. ಮಡಿ ಮೈಲಿಗೆ ನೋಡದೆ ಕೈ ಎಳೆದು ನಲ್ಲಿಯ ಕೆಳಗೆ ಹಿಡಿದೆ. “ಸಾಕು ಬಿಡs,” ಎಂದರು, ಬಿಡಲಿಲ್ಲ. ನೀರು ಹರಿಯುತ್ತಿರುವಾಗಲೇ ಅದು ಏನೆಂದು ಹೇಳಿದೆ. ನಮ್ಮ ಬೆನ್ನ ಹಿಂದೆ ಅಲ್ಯುಮಿನಿಯಂ ಪಾತ್ರೆಯಲ್ಲಿ ತೊವ್ವೆ ಬುಸುಬುಸು ಸದ್ದು ಮಾಡುತ್ತ ಪಾತ್ರೆಯನ್ನೇ ತಿನ್ನುತ್ತಿತ್ತು.

ಸಂಜೆ ಬಂದ ನಮ್ಮ ಮನೆಯವರು, ಕ್ಷಾರ ಬಿದ್ದರೆ ಅರಿಸಿನ ಹೇಗೆ ಕೆಂಪಾಗುತ್ತದೆ ಎಂದು ವಿವರಿಸಲು ಹೊರಟರು. ಆಗ ಅತ್ತೆ ಕೇಳಿದರು: “ಇವತ್ತ ನಾ ಅರಿಸಿನ ಹಾಕೋದು ಮರತಿದ್ರ ಏನಾಗ್ತಿತ್ತು?”

ಭರಣಿ ಮನೆಯಿಂದ ಹೋಯಿತು. ಮರುದಿನ ಅತ್ತೆ ಮಡಿಯಲ್ಲೇ ಅಡಿಗೆ ಮಾಡಿದರು. ಬಟ್ಟೆ ಸುತ್ತಿದ ಬೆರಳಿನಿಂದಲೇ ಸೌಟು ಹಿಡಿದು ಒಂದು ಹನಿ ತೊವ್ವೆಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು.

“ಅತ್ತೀ, ಇನ್ನಾ ದೇವರಿಗೆ ತೋರಿಸಿಲ್ಲ!” ಎಂದೆ.

“ದೇವರು ತಡಕೋತಾನ. ಮೊದಲ ನನ್ನ ನಾಲಗಿ ನೋಡಲಿ.”

ಹಾಗೆ ಹೇಳಿ, ಏನಾದರೂ ಆಗುತ್ತದೆಯೋ ಎಂದು ಕಣ್ಣು ಮುಚ್ಚಿ ಕಾದರು. ಆಮೇಲೆ ದೇವರಿಗೆ, ಆಮೇಲೆ ಮಗುವಿಗೆ. ಇರುವವರೆಗೂ ಹಾಗೇ ಮಾಡಿದರು. ಧಾರವಾಡದ ನೆಂಟರು ಆಡಿಕೊಂಡರೂ ಕಾರಣ ಹೇಳಲಿಲ್ಲ.

ಇವತ್ತಿನ ಫ್ರಾಕನ್ನು ಜಾಲಿಸಿ ಜಾಲಿಸಿ ಕಲೆ ಮತ್ತೆ ಹಳದಿಯಾಯಿತು. ಅಡಿಗೆಮನೆಯಲ್ಲಿ ಮೊಮ್ಮಗಳಿಗೆಂದು ಮತ್ತೆ ಮಾಡಿದ ತೊವ್ವೆಗೆ ಉಪ್ಪು ಹಾಕಿ, ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನಾಲಗೆಗೆ ಹಚ್ಚಿದೆ. ಅವಳು ತಟ್ಟೆ ಬಡಿಯುತ್ತ, “ಉಪ್ಪು ಸರಿ ಇದೆಯಾ ಅಜ್ಜಿ? ಬಡಿಸು,” ಎಂದಳು.

“ತಡಿ ಕಂದಾ,” ಎಂದೆ, “ಇನ್ನೊಂದು ಸ್ವಲ್ಪ ತಡಿ.”