ವಡೆ ತಿನ್ನುತ್ತಾ ಸಾರಿದ ಯುದ್ಧ

ಕಳೆದ ಗುರುವಾರ ಬೆಳಗಿನ ಜಾವ ನಾನೊಂದು ಯುದ್ಧ ಸಾರಿದೆ ಕಣ್ರೀ. ಅದು ನನಗೇ ಗೊತ್ತಾಗಿದ್ದು ಮಧ್ಯಾಹ್ನ.

ಮನೆ ನಂಜನಗೂಡಿನಲ್ಲಿದ್ದರೂ ನರಸೀಪುರ ರಸ್ತೆಯ ನಮ್ಮೂರಿನಲ್ಲಿ ನನಗೆ ಮುಕ್ಕಾಲು ಎಕರೆ ಗದ್ದೆ ಇದೆ. ಅದರ ದೆಸೆಯಿಂದ ಊರಿನ ನೀರು ಬಳಕೆದಾರರ ಸಂಘದಲ್ಲಿ ನಾನೊಬ್ಬ ಡೈರೆಕ್ಟರ್. ಅಧ್ಯಕ್ಷ ಶಿವಮಲ್ಲು, ನನ್ನ ಹೈಸ್ಕೂಲ್ ಕ್ಲಾಸ್‌ಮೇಟ್. (ಅವನು ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಮೂರನೇ ಸಲಕ್ಕೆ. ಸುಮ್ಮನೆ ಹೇಳಿದೆ.)

ನಾಲೆಯ ನೀರು ಮೂರು ದಿನ ಮೇಲಿನೂರಿಗೆ, ಮೂರು ದಿನ ನಮಗೆ. (ಆ ಊರಿನ ಹೆಸರು ಬೇಡ, ಸಂಬಂಧ ಇದೆ.) ಲೆಕ್ಕದ ಪ್ರಕಾರ ಗುರುವಾರದಿಂದ ನಮ್ಮ ಸರದಿ. ಆದರೆ ನಮ್ಮ ಕಡೆಗೆ ನೀರು ಬಿಡುವ ಗೇಟಿಗೆ ಮೇಲಿನೂರಿನವರ ಬೀಗ ಹಾಗೇ ಇತ್ತು. ಶಿವಮಲ್ಲು ಮೀಟಿಂಗ್ ಕರೆಯಲಿಲ್ಲ. ಯಾರನ್ನೂ ಕೇಳಲಿಲ್ಲ. ಐದು ಗಂಟೆಗೆ ಹತ್ತು ಜನರನ್ನು ಕಟ್ಟಿಕೊಂಡು ಹೋಗಿ ಸುತ್ತಿಗೆಯಲ್ಲಿ ಬೀಗ ಒಡೆದ. ಏಳೂವರೆಗೆ ವಿಡಿಯೋ ನನ್ನ ಹೆಂಡತಿಯ ಮೊಬೈಲಿನಲ್ಲಿತ್ತು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಸುತ್ತಿಗೆ, ಹಿಂದೆ ಶಿಳ್ಳೆ.

"ಗಂಡಸು ಅಂದ್ರೆ ಹಿಂಗಿರಬೇಕು ನೋಡಿ" ಎಂದಳು, ನನ್ನ ತಟ್ಟೆಗೆ ಇಡ್ಲಿ ಹಾಕುತ್ತಾ.

ತಟ್ಟೆ ಪಕ್ಕಕ್ಕೆ ಸರಿಸಿದೆ. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ.

ಆದರೆ ನಾಲ್ಕಕ್ಷರ ಓದಿದವರು ಹೊಟ್ಟೆಕಿಚ್ಚನ್ನು ಬರಿಮೈಯಲ್ಲಿ ಹೊರಗೆ ಬಿಡುತ್ತೇವಾ? ತತ್ವದ ಅಂಗಿ ತೊಡಿಸುತ್ತೇವೆ. ನನ್ನ ಹತ್ತಿರ ಅಂಗಿ ರೆಡಿ ಇತ್ತು. ಒಂದು ವಾರದಿಂದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಅಮೆರಿಕದ ಮೇಲೆ ಭಾಷಣ ಬಿಗಿಯುತ್ತಿದ್ದೆ. ಅಲ್ಲಿನ ಸಂವಿಧಾನದಲ್ಲಿ ಸೇನೆ ಅಧ್ಯಕ್ಷರ ಕೈಯಲ್ಲಿ, ಯುದ್ಧ ಸಾರುವ ಅಧಿಕಾರ ಸಂಸತ್ತಿನ ಕೈಯಲ್ಲಿ. ಆದರೂ ಎಷ್ಟೋ ಸಲ ಬಾಂಬು ಮೊದಲು ಬೀಳುತ್ತದೆ, ಸಂಸತ್ತಿಗೆ ಪತ್ರ ಆಮೇಲೆ ಹೋಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಸದಸ್ಯರು ಚರ್ಚೆಗೆ ಕೂರುತ್ತಾರೆ. ಎಂಥ ಪುಕ್ಕಲರಪ್ಪಾ ಇವರು ಎಂದು ಪಕ್ಕದ ಟೇಬಲ್ಲಿಗೂ ಕೇಳುವಂತೆ ಬೈದಿದ್ದೆ.

ಅದೇ ಜೋಶಿನಲ್ಲಿ ಬಸ್ಸು ಹತ್ತಿ ಶಿವಮಲ್ಲುವಿನ ಮನೆಗೆ ಹೋದೆ.

"ಕಮಿಟಿನ ಕೇಳ್ದೆ ಬೀಗ ಒಡೆಯೋಕೆ ನಿನಗೆ ಅಧಿಕಾರ ಕೊಟ್ಟೋರು ಯಾರು?"

"ನೀನೇ ಕಣ್ಲಾ" ಎಂದ. ನಡಾವಳಿ ಪುಸ್ತಕ ತೆಗೆದು ಮುಂದಿಟ್ಟ. 'ಅಗತ್ಯ ಬಿದ್ದಲ್ಲಿ ಬೀಗ ತೆಗೆಸಿ ನೀರು ಬಿಡಿಸಲು ಅಧ್ಯಕ್ಷರಿಗೆ ಸರ್ವಾನುಮತದಿಂದ ಅಧಿಕಾರ ನೀಡಲಾಯಿತು.' ಕೆಳಗೆ ಎಂಟು ಸಹಿ. ಏಳು ಸಹಿ ಯಾರವೆಂದು ಬ್ರಹ್ಮನಿಗೂ ತಿಳಿಯದು. ಎಂಟನೆಯದು ನನ್ನದು, ದುಂಡು ಅಕ್ಷರದಲ್ಲಿ.

ಹೇಗೆ ಅಂತೀರಾ? ನಮ್ಮ ಸಂಘದ ಪದ್ಧತಿಯೇ ಹಾಗೆ. ಮೀಟಿಂಗ್ ಎಂದರೆ ಉದ್ದಿನವಡೆ, ಟೀ. ವಡೆ ಮುಗಿಯುವಷ್ಟರಲ್ಲಿ ಪುಸ್ತಕ ಒಂದು ಸುತ್ತು ಬರುತ್ತದೆ. ನಾವು ಖಾಲಿ ಹಾಳೆಯ ಕೆಳಗೆ ಸಹಿ ಹಾಕುತ್ತೇವೆ, ಮೇಲಿನ ಠರಾವನ್ನು ಶಿವಮಲ್ಲು ಪುರಸೊತ್ತಾದಾಗ ಬರೆದುಕೊಳ್ಳುತ್ತಾನೆ. ಈ ಠರಾವನ್ನು ಬೀಗ ಒಡೆದು ಬಂದು ಬರೆದಿದ್ದ. ಜಗಳಕ್ಕೆ ಬಂದ ಮೇಲಿನೂರಿನವರಿಗೆ ಅದರ ಫೋಟೋ ಕಳಿಸಿ "ಕಮಿಟಿ ತೀರ್ಮಾನ" ಅಂದನಂತೆ. ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಮೂತಿಗೆ ಒರೆಸಿತು.

"ನಿಮ್ಮನ್ನ ಕೇಳ್ಕೊಂಡು ಕೂತಿದ್ರೆ ಎಂಟು ಜನ ಎಂಟು ಮಾತಾಡ್ತಿದ್ರಿ. ಅಷ್ಟೊತ್ಗೆ ಗದ್ದೆ ಒಣಗೋಗದು" ಎಂದ. ಅದು ಪೂರ್ತಿ ಸುಳ್ಳೂ ಅಲ್ಲ. ಅದಕ್ಕೇ ಇನ್ನಷ್ಟು ಉರಿಯಿತು.

ಶನಿವಾರ ಅಕ್ಕನ ಫೋನ್ ಬಂತು. ಅಕ್ಕನನ್ನು ಕೊಟ್ಟಿರುವುದು ಮೇಲಿನೂರಿಗೆ. ಭತ್ತದ ಪೈರಿಗೆಂದು ಆಗ ತಾನೇ ಒಟ್ಲು, ಅಂದರೆ ಸಸಿಮಡಿ, ಹಾಕಿದ್ದಳು.

"ಮೊಳಕೆ ಬೀಜ ಚೆಲ್ಲಿದ್ವು ಕಣಪ್ಪಾ. ನೀರೆಲ್ಲಾ ನಿಮ್ ಕಡೀಕೆ ಓಯ್ತು. ಎಲ್ಡು ದಿನದ ಬಿಸ್ಲಿಗೆ ಒಟ್ಲೆಲ್ಲಾ ಸುಟ್ಟೋಯ್ತು" ಎಂದಳು. ಆಮೇಲೆ ಕೇಳಿದಳು, "ನಾಲೆ ಏರಿ ರಿಪೇರಿಯಿಂದ ಸರದಿ ಎಲ್ಡು ದಿನ ಮುಂದಕ್ಕೋಗ್ಯದೆ, ನಿಮ್ದು ಶನಿವಾರದಿಂದ, ಶಿವಮಲ್ಲುಗೆ ಯೋಳು ಅಂತ ನಾನು ಸೋಮವಾರವೇ ನಿಂಗೆ ಫೋನ್ ಮಾಡಿದ್ನಲ್ಲ. ಯೋಳ್ಲಿಲ್ವಾ?"

ಹೇಳಿರಲಿಲ್ಲ.

ಮರೆತಿರಲೂ ಇಲ್ಲ. ಸೋಮವಾರ ಸಂಜೆಯೇ ಬಸ್‌ಸ್ಟ್ಯಾಂಡಿನಲ್ಲಿ ಶಿವಮಲ್ಲು ಸಿಕ್ಕಿದ್ದ. ಹೊಸ ಬೈಕಿನ ಮೇಲೆ ಕೂತಿದ್ದ. ಸುತ್ತ ನಾಲ್ಕು ಜನ "ಅಧ್ಯಕ್ಷರೇ, ಅಧ್ಯಕ್ಷರೇ" ಎನ್ನುತ್ತಿದ್ದರು. ನನ್ನನ್ನು ನೋಡಿ ಹುಬ್ಬು ಹಾರಿಸಿದ, ಅಷ್ಟೇ. ಮೀಟಿಂಗ್ ಕರೆಯಲಿ, ನನ್ನನ್ನು ಕೇಳಲಿ, ಆಗ ಹೇಳಿದರಾಯಿತು ಎಂದುಕೊಂಡು ಬಸ್ಸು ಹತ್ತಿದೆ. ಕೇಳದವನಿಗೆ ನಾನ್ಯಾಕೆ ಹೇಳಲಿ?

ಇದನ್ನು ಅಕ್ಕನಿಗೆ ಹೇಳದೆ ಮುಚ್ಚಿಟ್ಟೆ. ಅವಳು ಬಯ್ಯಲೂ ಇಲ್ಲ.

"ಓಗ್ಲಿ ಬುಡು, ಇನ್ನೊಂದ್ ಸಲ ಬೀಜ ನೆನೆ ಹಾಕ್ತೀವಿ" ಎಂದಳು. "ಆ ಪುಸ್ತಕದ ಫೋಟೋ ನಮ್ಮೂರ ಗ್ರೂಪ್ನಾಗೂ ಬಂದಿತ್ತು. ಅದ್ರಲ್ಲಿ ನಂಗೆ ಓದಕ್ಕಾಗಿದ್ದು ನಿನ್ ಸೈನ್ ಒಂದೇ ಕಣಪ್ಪಾ."

ಬೀಗ ಒಡೆದದ್ದು ಶಿವಮಲ್ಲು, ಸರಿ. ಅಕ್ಕನ ಒಟ್ಲು ಒಣಗಿಸಿದ್ದು ಯಾರು?